ಬೀಗಿತ್ತಿಯ ಕಷಾಯ

“ನಿಮ್ದು ಇವತ್ತೂ ಕೆಂಪೇ ಬಂತಲ್ಲ ಬೀಗ್ರೇ!” ಎಂದರು ಕಾಮಾಕ್ಷಮ್ಮ, ತೊಡೆಯ ಮೇಲಿನ ಮೊಮ್ಮಗಳನ್ನು ತಟ್ಟುತ್ತಾ.

ಬಾಗಿಲ ಪಕ್ಕದ ಉಸಿರು ಪರೀಕ್ಷಿಸುವ ಪೆಟ್ಟಿಗೆಗೆ ಊದಿ ನಿಂತಿದ್ದ ಪುಟ್ಟಗೌರಮ್ಮನಿಗೆ ಮೈಯೆಲ್ಲ ಉರಿಯಿತು. ಕೊರೊನಾ ಊರಲ್ಲೇ ಬೇರುಬಿಟ್ಟ ಮೇಲೆ ಪ್ರತಿ ಬಾಣಂತಿ ಕೋಣೆಗೂ ಇಂಥದೊಂದು ಕಾವಲು. ಸೋಂಕು ತಡೆಯೋ ಕಷಾಯದ ಸೊಪ್ಪಿನ ಸಾರವೂ ಸತುವೂ, ಅಂದರೆ ಜಿಂಕೂ, ಮೈಗೆ ಹತ್ತಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು, ಹೊಸಿಲಾಚೆ. ಹನ್ನೊಂದು ದಿನದಿಂದ ಅವರು ಮಗನ ಕೂಸನ್ನು ದೂರದಿಂದಲೇ ನೋಡಿ ಹೋಗುತ್ತಿದ್ದರು. ಈ ಹೆಂಗಸಿಗೆ ಮಾತ್ರ ದಿನವೂ ಹಸಿರು!

“ನಾನೂ ಕಷಾಯ ಕುಡ್ದೇ ಬಂದಿದೀನಿ. ನಮ್ಮತ್ತೆ ಹೇಳ್ಕೊಟ್ಟಿದ್ದು.”

“ಅದ್ರ ಹಿಂದೇನೇ ಕಾಫೀನೂ ಕುಡ್ದಿರ್ತೀರ! ಆಮೇಲೆ ಅದು ಮೈಗೆ ಹತ್ತೋದು ಹೆಂಗೆ? ನಾನಂತೂ ಮಗಳು ಬಸುರಿ ಅಂತ ಗೊತ್ತಾದ ದಿನಾನೇ ಕಾಫಿ ಬಿಟ್ಟೆ. ತಗೊಳ್ಳಿ, ನಮ್ಮನೇದು ಕುಡ್ದು ಎರಡು ಗಂಟೆ ಕೂತ್ಕೊಳ್ಳಿ.”

ಕೂಸಿನ ಮುಖ ನೋಡಿಕೊಂಡು ಪುಟ್ಟಗೌರಮ್ಮ ಆ ಲೋಟ ಎತ್ತಿದರು. ಹಾಳಾದ್ದು, ತಮ್ಮದಕ್ಕಿಂತ ಚೆನ್ನಾಗಿತ್ತು! ಎರಡು ಗಂಟೆ ಜಗಲಿಯಲ್ಲಿ ಕೂತು ಮತ್ತೆ ಊದಿದರು. ಹಸಿರು.

“ಹೆಂಗಿತ್ತು ನಮ್ಮ ಕಷಾಯ?”

“ಮೆಣಸು ಕಮ್ಮಿ,” ಎನ್ನುತ್ತಾ ಪುಟ್ಟಗೌರಮ್ಮ ಕೂಸನ್ನು ಕಿತ್ತುಕೊಂಡಂತೆ ಎತ್ತಿಕೊಂಡರು.

ಕೂಸು ಅವರ ರೇಷ್ಮೆ ಸೀರೆಯೆಲ್ಲ ತೋಯುವಂತೆ ಉಚ್ಚೆ ಹೊಯ್ದಿತು. ಅವರು ಒರೆಸಿಕೊಳ್ಳಲಿಲ್ಲ. ಬೀಗಿತ್ತಿಯ ಒಣ ಸೀರೆಯ ಕಡೆ ನೋಡಿ ನಕ್ಕರು.