ಬರೀ ಚಿತ್ರ

ಅಂಧರಿಗೆ ಕಂಪ್ಯೂಟರ್ ಹೇಳಿಕೊಡುವ ಆ ಕೋಣೆಗೆ ಹೊಸದಾಗಿ ಸೇರಿದವರು ಒಬ್ಬ ನಿವೃತ್ತ ಪ್ರೊಫೆಸರ್. ಕಣ್ಣು ಹೋಗಿ ವರ್ಷವಾಗಿತ್ತು, ಗತ್ತು ಹೋಗಿರಲಿಲ್ಲ.

“ಏನಮ್ಮಾ ಇದು? ಪ್ರೋಗ್ರಾಮಿಂಗ್ ಪುಸ್ತಕ ತೆರೆದ್ರೆ ಈ ಓದಿ ಹೇಳೋ ಸಾಫ್ಟ್‌ವೇರ್ ಪುಟಪುಟಕ್ಕೂ ‘ಚಿತ್ರ, ಚಿತ್ರ’ ಅಂತ ಬಡ್ಕೊಳ್ಳತ್ತೆ. ಒಂದಕ್ಷರ ಓದಲ್ಲ.”

ಪಾಠ ಹೇಳುವ ನಾಗವೇಣಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ಆ ದನಿ ಕೇಳಿದ್ದೇ ಅವಳ ಮೈಯೆಲ್ಲ ಉರಿಯಿತು.

“ಪುಟಗಳ ಫೋಟೋ ತೆಗೆದು ಜೋಡಿಸಿದ್ದಾರೆ ಸಾರ್. ಅದರಿಂದ ಅಕ್ಷರ ಬಿಡಿಸೋಕೆ ಹೋದ್ರೆ ಕೋಡ್‌ನಲ್ಲಿರೋ ಚುಕ್ಕಿ, ಆವರಣ ಎಲ್ಲಾ ಕಲಸಿಹೋಗತ್ತೆ.”

“ಟೈಪ್ ಮಾಡಿದ ಫೈಲು ಈಗ ಪ್ರಕಾಶಕರ ಹತ್ರ ಇಲ್ವಂತೆ. ಎಂಥಾ ಬೇಜವಾಬ್ದಾರಿ ಜನ.”

“ಇದ್ದಾಗ್ಲೇ ಕೇಳಿದ್ವಿ. ಪುಸ್ತಕ ಬರೆದವರಿಗೆ ನಾನೇ ಫೋನ್ ಮಾಡಿದ್ದೆ. ‘ಕೊಟ್ರೆ ಊರಿಗೆಲ್ಲ ಹಂಚ್ತೀರಿ. ಕಣ್ಣಿಲ್ಲದವರಿಗೆ ಪ್ರೋಗ್ರಾಮಿಂಗ್ ಯಾಕೆ, ಬೇರೆ ಏನಾದ್ರೂ ಕಲೀರಿ’ ಅಂತ ಹೇಳಿ ಫೋನ್ ಇಟ್ಬಿಟ್ರು.”

ಪ್ರೊಫೆಸರರ ಕೀಲಿಮಣೆಯ ಟಕಟಕ ನಿಂತಿತು.

“ಆಮೇಲೆ?”

“ಆಮೇಲೇನು. ಕಣ್ಣಿರೋ ಗೆಳತಿಯೊಬ್ಬಳು ಚುಕ್ಕಿ ಸಮೇತ ಓದಿ ಹೇಳಿದ್ಲು. ನಾವು ಹುಡುಗೀರು ಕೂತು ಇಡೀ ಪುಸ್ತಕ ಟೈಪ್ ಮಾಡಿದ್ವಿ. ಯಾರ ಅಪ್ಪಣೆನೂ ಕೇಳಲಿಲ್ಲ.”

ಪ್ರೊಫೆಸರ್ ಗತ್ತೆಲ್ಲ ಇಳಿದ ದನಿಯಲ್ಲಿ ಕೇಳಿದರು.

“ಅದರದೊಂದು ಪ್ರತಿ ನನಗೆ ಸಿಗಬಹುದಾ? ತಿದ್ದೋದು ತುಂಬಾ ಇದೆ.”

ನಾಗವೇಣಿ ಮೇಜಿನ ಡ್ರಾಯರ್ ತಡಕಿ, ಪೆನ್‌ಡ್ರೈವ್ ಒಂದನ್ನು ತೆಗೆದು ಅವರ ಅಂಗೈಗೆ ಒತ್ತಿದಳು.

“ತಗೊಳ್ಳಿ ಸಾರ್. ನೀವು ಬರೆದಿದ್ದು, ನಾವು ಕದ್ದಿದ್ದು.”