ಎಡಗಾಲಿನದು ಮಾತ್ರ

ಮೂಟೆ ಬಿಚ್ಚಿ ನಡುಮನೆಯ ನೆಲಕ್ಕೆ ಸುರಿದಳು. ಕಪ್ಪು ಬೂಟು, ಕಂದು ಬೂಟು, ಓಟಗಾರರ ಬಣ್ಣಬಣ್ಣದ ಶೂ, ಎಲ್ಲವೂ ಹೊಚ್ಚಹೊಸವು. ಖುಷಿಯಿಂದ ಜೋಡಿ ಮಾಡಲು ಕೂತಳು. ರಾಶಿಯನ್ನು ಮೇಲೆ ಕೆಳಗೆ ಮಾಡಿದರೂ ಒಂದು ಜೋಡಿಯೂ ಆಗಲಿಲ್ಲ. ಎಲ್ಲವೂ ಎಡಗಾಲಿನವೇ!

ಸಗಟು ವ್ಯಾಪಾರಿಗೆ ಫೋನ್ ಮಾಡಿದರೆ ಆ ಪುಣ್ಯಾತ್ಮ ನಗುತ್ತಿದ್ದ. "ಷೋಕೇಸ್ ಮಾಲು ಅಂತ ಬರೆದಿದ್ದೆನಲ್ಲಮ್ಮ. ಅಂಗಡಿಯವರು ಹೊರಗೆ ಇಡೋದು ಒಂದೇ ಕಾಲಿಂದು. ಜೋಡಿ ಇಟ್ರೆ ಕಳ್ಳ ಬಿಡ್ತಾನಾ? ಓದಿ ತಗೋಬೇಕಿತ್ತು." ಅವಳು ಓದಿರಲಿಲ್ಲ. ಬೆಲೆ ನೋಡಿ ಬಾಯಲ್ಲಿ ನೀರೂರಿತ್ತು, ಅಷ್ಟೆ.

ಬಟ್ಟೆ ಅಂಗಡಿಯ ಕೆಲಸ ಬಿಟ್ಟು, ಆನ್‌ಲೈನಿನಲ್ಲಿ ಮಾರಿ ಬದುಕುತ್ತೇನೆಂದು ಹೊರಟವಳ ಮೊದಲ ಮಾಲು ಇದು. ಕೂಡಿಟ್ಟದ್ದನ್ನೆಲ್ಲ ಇದಕ್ಕೇ ಹಾಕಿದ್ದಳು. ಆ ಅಂಗಡಿಯಲ್ಲಿ ಬೆಳಗಿನಿಂದ ಸಂಜೆಯ ತನಕ ನಿಂತೇ ಇರಬೇಕು. ಗಿರಾಕಿ ಇಲ್ಲದಾಗಲೂ ಕೂರುವಂತಿಲ್ಲ. ಬಿಟ್ಟು ಬರುವಾಗ ಮಾಲೀಕ, "ಮುಂದಿನ ಸೋಮವಾರದವರೆಗೆ ನಿನ್ನ ಜಾಗ ಖಾಲಿ ಇಟ್ಟಿರ್ತೀನಿ, ಆಮೇಲೆ ಕಾಲು ಹಿಡಿದ್ರೂ ಇಲ್ಲ" ಅಂದಿದ್ದ.

ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು. "ಎಂಥಾ ವ್ಯಾಪಾರ ಮಾಡಿದೆ ನನ್ನ ತಾಯಿ! ಇನ್ನು ಊರಿನವರೆಲ್ಲ ಕುಂಟಾಬಿಲ್ಲೆ ಆಡ್ಕೊಂಡೇ ಓಡಾಡ್ಬೇಕು. ತೆಪ್ಪಗೆ ಸೋಮವಾರ ಅಂಗಡಿಗೆ ಹೋಗು."

"ಸತ್ರೂ ಹೋಗಲ್ಲ ಅತ್ತೆ. ಒಂದೇ ಇದ್ರೆ ಒಂದೇ ಅಂತ ಮಾರ್ತೀನಿ. ಬಾಗಿಲಲ್ಲಿ ಬಿಟ್ಟ ಶೂನಲ್ಲಿ ಒಂದನ್ನ ನಾಯಿ ಕಚ್ಕೊಂಡು ಹೋಗಿರೋರು ಯಾರೂ ಇರಲ್ವಾ?"

ಕಿಟಕಿಯ ಬಳಿ ಬಿಳಿ ಹೊದಿಕೆ ಹಾಸಿ ಒಂದೊಂದನ್ನೂ ಒರೆಸಿ ಫೋಟೋ ತೆಗೆದಳು. ಮುಂದಿನಿಂದ, ಪಕ್ಕದಿಂದ, ಅಟ್ಟೆಯ ಕಡೆಯಿಂದ. ಪ್ರತಿಯೊಂದರ ಕೆಳಗೂ ದಪ್ಪ ಅಕ್ಷರದಲ್ಲಿ ಬರೆದಳು: ಎಡಗಾಲಿನದು ಮಾತ್ರ, ಬಲಗಾಲಿನದು ಇಲ್ಲ, ಜೋಡಿಯ ಅರ್ಧ ಬೆಲೆ. ತನಗಾದ ಮೋಸ ಇನ್ನೊಬ್ಬರಿಗೆ ಆಗಬಾರದು. ವಾರವೆಲ್ಲ ಬಂದದ್ದು ತಮಾಷೆಯ ಸಂದೇಶಗಳೇ. "ನಾನೇನು ಕೊಕ್ಕರೆಯಾ?" ಎಂದು ಒಬ್ಬ ಕೇಳಿದರೆ, "ಬಲಗಾಲಿಂದು ಯಾವಾಗ ಬಿಡುಗಡೆ?" ಎಂದು ಮತ್ತೊಬ್ಬ. ಅವಳಿಗೆ ಅಳು ಬರುತ್ತಿತ್ತು. ಅತ್ತರೆ ಅತ್ತೆ ಗೆದ್ದ ಹಾಗೆ ಎಂದು ನುಂಗಿಕೊಂಡು, ಎಲ್ಲರಿಗೂ ಉತ್ತರ ಬರೆದಳು.

ಭಾನುವಾರ ಬೆಳಿಗ್ಗೆ ಗಿರಾಕಿಯೊಬ್ಬ ಮನೆಗೇ ಬಂದ. ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವವನಂತೆ. ಎರಡು ಊರುಗೋಲು ಗೋಡೆಗೆ ಒರಗಿಸಿ ಕುರ್ಚಿಯಲ್ಲಿ ಕೂತ. ಪ್ಯಾಂಟಿನ ಬಲಗಾಲನ್ನು ಮಂಡಿಯ ಹತ್ತಿರ ಮಡಚಿ ಪಿನ್ನು ಹಾಕಿತ್ತು. ಕುಂಟಾಬಿಲ್ಲೆಯ ಮಾತಾಡಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಅಂಟಿದರು.

ಆತ ಕಂದು ಬೂಟು ಹಾಕಿಕೊಂಡು, ನೆಲಕ್ಕೆ ಎರಡು ಸಲ ಕುಟ್ಟಿ ನೋಡಿದ. "ಸರಿಯಾಗಿದೆ. ಆದ್ರೆ ಅರ್ಧ ಬೆಲೆ ಜಾಸ್ತಿ ಆಯ್ತು ಕಣಮ್ಮ. ಹುಡುಗನಾಗಿದ್ದಾಗಿಂದ ಜೋಡಿಗೆ ದುಡ್ಡು ಕೊಟ್ಟು ಒಂದೇ ಹಾಕ್ಕೊಂಡಿದೀನಿ. ಅದರ ಲೆಕ್ಕ ಹಿಡಿದ್ರೆ ನೀವು ನನಗೆ ಪುಕ್ಕಟೆ ಕೊಡ್ಬೇಕು."

"ಕೊಟ್ಬಿಡೇ, ಪಾಪ" ಎಂದು ಅತ್ತೆ ಹಿಂದಿನಿಂದ ಚಿವುಟಿದರು. ಅವಳಿಗೂ ಕೊಟ್ಟುಬಿಡೋಣ ಅನ್ನಿಸಿತ್ತು. ಆದರೂ ಬೆಲೆ ಇಳಿಸಲಿಲ್ಲ. "ಪುಕ್ಕಟೆ ಕೊಟ್ರೆ ನಾಳೆ ನಾನು ವ್ಯಾಪಾರ ಮುಚ್ಚಿ ಮತ್ತೆ ಅಂಗಡಿ ಕೆಲಸಕ್ಕೆ ಹೋಗ್ಬೇಕಾಗತ್ತೆ. ಆಮೇಲೆ ನೀವು ಮತ್ತೆ ಜೋಡೀನೇ ಕೊಳ್ಬೇಕು. ಅರ್ಧ ಅಂದ್ರೆ ಅರ್ಧ."

ಆತ ಅವಳ ಮುಖವನ್ನೇ ನೋಡಿ ಗಟ್ಟಿಯಾಗಿ ನಕ್ಕ. "ಭಲೇ! ಅಂಗಡಿಯವರು ಇಲ್ಲಾ ಜೋಡೀನೇ ಕಟ್ಟಿ ಕೊಡ್ತಾರೆ, ಇಲ್ಲಾ ಅಯ್ಯೋ ಪಾಪ ಅಂತಾರೆ. ನನ್ನ ಹತ್ರ ಚೌಕಾಸಿಗೆ ನಿಂತವರು ನೀವೇ ಮೊದಲು. ಕಪ್ಪಿಂದೂ ಕಟ್ಟಿ. ನನ್ನಂಥೋರು ಸೇರೋ ಸಂಘ ಒಂದಿದೆ, ಅವರಿಗೂ ಹೇಳ್ತೀನಿ." ಅವಳು ಎರಡನ್ನೂ ಕಟ್ಟುವಾಗ ಅತ್ತೆಯೇ ಬಂದು ದಾರದ ಗಂಟಿನ ಮೇಲೆ ಬೆರಳು ಒತ್ತಿ ಹಿಡಿದರು.

ದುಡ್ಡು ಕೊಟ್ಟು, ಊರುಗೋಲು ತೆಗೆದುಕೊಂಡು, ಬಾಗಿಲವರೆಗೆ ಹೋದವನು ತಿರುಗಿ ನಿಂತ. ಏನೋ ನಾಚಿಕೆಯ ವಿಷಯ ಹೇಳುವವನ ಹಾಗೆ ದನಿ ತಗ್ಗಿಸಿದ. "ಅಟ್ಟದ ಮೇಲೆ ಬಲಗಾಲಿನವು ರಾಶಿ ಬಿದ್ದಿವೆ. ಒಂದಕ್ಕೂ ಮಣ್ಣು ತಾಗಿಲ್ಲ. ಬಿಸಾಡೋಕೆ ಮನಸ್ಸು ಬರಲ್ಲ, ಹೆಂಡತಿ ದಿನಾ ಬೈತಾಳೆ. ತಗೊಳ್ತೀರಾ?"

"ಅಯ್ಯೋ, ಅದನ್ನ ಯಾರಪ್ಪ ಕೊಳ್ತಾರೆ?" ಎಂದರು ಅತ್ತೆ.

"ನಾಳೆ ಸೋಮವಾರ ತನ್ನಿ, ನಾನು ಮನೇಲೇ ಇರ್ತೀನಿ" ಎಂದಳು ಅವಳು. "ಎಡಗಾಲು ಇಲ್ಲದೋರು, ನಿಮ್ಮದೇ ಅಳತೆಯೋರು, ಎಲ್ಲೋ ಒಬ್ರು ಇದ್ದೇ ಇರ್ತಾರೆ. ಇಷ್ಟು ವರ್ಷ ಅವರ ಬೂಟಿಗೆ ನೀವು ದುಡ್ಡು ಕೊಟ್ರಿ, ನಿಮ್ಮ ಬೂಟಿಗೆ ಅವರು ಕೊಟ್ರು."