ಒಂದು ತಾಸಿನ ಆಳು

ತುಂತುರು ನೀರಾವರಿ ಪೈಪಿಗೆ ಪರಿಶಿಷ್ಟ ಜಾತಿಯವರಿಗೆ ಸಬ್ಸಿಡಿ ಹೆಚ್ಚು. ಅದಕ್ಕೇ ಗೌಡರು ತಮ್ಮ ಆಳು ಹುಲಗಪ್ಪನ ಹೆಸರಲ್ಲಿ ಪೈಪು ತೆಗೆಸಿ, ತಮ್ಮ ಹೊಲದಲ್ಲಿ ಹಾಸಿಕೊಂಡಿದ್ದರು. ತಪಾಸಣೆಗೆ ಸಾಹೇಬರು ಬರುತ್ತಾರೆಂದು ಗೊತ್ತಾದದ್ದೇ ತಡ, ಅವನ್ನೆಲ್ಲ ಹುಲಗಪ್ಪನ ತುಂಡು ಹೊಲಕ್ಕೆ ತಾವೇ ಹೊತ್ತು ತಂದರು.

“ಪೈಪು ನಿನ್ನವೇ ಅನ್ನು. ನೀ ಏನರ ತಪ್ಪಿ ಮಾತಾಡೀ ಅಂತ ನಾನೂ ಇಲ್ಲೇ ಇರ್ತೀನಿ. ನಾ ಯಾರಂತ ಕೇಳಿದ್ರ, ಆಳು ಅಂತ ಹೇಳಿಬಿಡು,” ಎಂದರು, ಅವನ ಮುಖ ನೋಡದೆ.

“ನಿಮಗ ಆಳು ಅಂತ ಹೆಂಗ ಅನ್ಲಿರಿ ಎಪ್ಪಾ?”

“ಒಂದು ತಾಸಿನ ಮಾತಲೇ. ಸಿಕ್ಕಿಬಿದ್ರ ಊರಾಗ ಮಾನ ಉಳಿಯಂಗಿಲ್ಲ.”

ಅಂಗಿ ಕಳಚಿ, ಹಳೇ ಟವೆಲ್ಲು ತಲೆಗೆ ಸುತ್ತಿಕೊಂಡರು. ಈ ವಯಸ್ಸಿನಲ್ಲಿ ಇದೆಂಥ ವೇಷವೆಂದು ಅವರಿಗೇ ನಾಚಿಕೆಯಾಯಿತು.

ಸಾಹೇಬರು ಬಂದು ಪೈಪು ನೋಡಿದರು, ಫೋಟೋ ತೆಗೆದರು. “ಇಂವ ಯಾರು?”

“ನಮ್ಮ ಆಳ್ರೀ,” ಎಂದ ಹುಲಗಪ್ಪ.

ಗೌಡರಿಗೆ ಹೋದ ಜೀವ ಬಂದಂತಾಯಿತು. ತಲೆ ಮಾತ್ರ ಮೇಲೆತ್ತಲಾಗಲಿಲ್ಲ.

ಅಷ್ಟರಲ್ಲಿ ಹುಲಗಪ್ಪನ ಹೆಂಡತಿ ಚಹಾ ತಂದಳು. ಸಾಹೇಬರು ಒಂದು ಲೋಟ ತೆಗೆದುಕೊಂಡು, “ನಿಮ್ಮ ಆಳಿಗೂ ಕೊಡವ್ವಾ, ಬೆವತು ನೀರಾಗ್ಯಾನ,” ಎಂದರು. ಆಕೆ ಅಳುಕುತ್ತಲೇ ಗೌಡರ ಮುಂದೆ ಲೋಟ ಚಾಚಿದಳು. ಗೌಡರ ಕೈ ಏಳಲಿಲ್ಲ.

ಸಾಹೇಬರ ಹುಬ್ಬು ಗಂಟಿಕ್ಕಿತು. “ಯಾಕ, ನಿಮ್ಮನಿ ಚಹಾ ಕುಡಿಯಾಂಗಿಲ್ಲೇನು ಇಂವ?”

“ಹಂಗಲ್ರೀ ಸಾಹೇಬ್ರ,” ಹುಲಗಪ್ಪ ನಡುವೆ ಬಂದು ನಿಂತ. “ಆಳಿನ ಲೋಟ ಬ್ಯಾರೆ ಇರ್ತದ. ದನದ ಕೊಟ್ಟಿಗಿ ಜಂತ್ಯಾಗ ಸಿಗಿಸಿರ್ತಾರ.”